ಲೊಥಾರ್ ಭಾವನ ಇಂಗ್ಲಿಷ್ ಮರ್ಯಾದೆ

ನನ್ನ ಭಾವ ಲೊಥಾರ್ ಮೆಟ್ಸ್ ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂಬ ಸುದ್ದಿ ಜರ್ಮನಿಯ ನಮ್ಮ ಮುಟ್ಲಿಂಗೆನ್ ಊರಿನಲ್ಲಿ ಹಬ್ಬಿದ್ದಕ್ಕೆ ಮೂಲ ಕಾರಣ ಇಂಗ್ಲಿಷ್ ಭಾಷೆ. ಇಷ್ಟಕ್ಕೇ ನಿಲ್ಲಿಸಿದರೆ ಇಂಗ್ಲಿಷಿನವರು ಬೇಜಾರು ಮಾಡಿಕೊಂಡಾರು. ಆದ್ದರಿಂದ ಮೊದಲಿನಿಂದಲೇ ಹೇಳಿಬಿಡುತ್ತೇನೆ.

ಭಾವ ನಮ್ಮೂರಿನ ಮನೆಗಳಲ್ಲಿ ಒಲೆಯ ಹೊಗೆ ಹೋಗುವ ಚಿಮಣಿ ಗುಡಿಸಿ ಪರೀಕ್ಷಿಸುವವರು. ನಮ್ಮಲ್ಲಿ ಪೊಲೀಸರನ್ನಾದರೂ ಬಾಗಿಲಲ್ಲಿ ನಿಲ್ಲಿಸಬಹುದು, ಚಿಮಣಿಯವರನ್ನು ನಿಲ್ಲಿಸುವ ಹಾಗಿಲ್ಲ. ಬಾಗಿಲಿಗೆ ಚೀಟಿ ಅಂಟಿಸಿ ಹೋಗುತ್ತಾರೆ, ಹೇಳಿದ ದಿನ ಹೇಳಿದ ಹೊತ್ತಿಗೆ ಕರಿ ಅಂಗಿ, ಹೊಳೆಯುವ ಗುಂಡಿ, ಎತ್ತರದ ಕರಿ ಟೋಪಿ ಹಾಕಿಕೊಂಡು ಬಂದು ಸೂರಿನ ಮೇಲೆ ಹತ್ತುತ್ತಾರೆ. ಅವರ ಭುಜ ಮುಟ್ಟಿದರೆ ಅದೃಷ್ಟ ಎಂದು ನಂಬಿರುವವರು ಈಗಲೂ ಸಂತೆಯಲ್ಲಿ ಅವರನ್ನು ಮುಟ್ಟಿ ಹೋಗುತ್ತಾರೆ. ಯಾರಾದರೂ "ನಮ್ಮ ಹೊಸ ಒಲೆ ಹೇಗಿದೆ ಮೆಟ್ಸ್ ಅವರೇ?" ಎಂದು ಕೇಳಿದರೆ ಭಾವ, "ದರಿದ್ರ ಒಲೆ. ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ" ಎನ್ನುತ್ತಾರೆ. ಕೇಳಿದವರು ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಶ್ವಾಬಿಯಾ ಸೀಮೆಯಲ್ಲಿ ಇದಕ್ಕೆ ಮರ್ಯಾದೆ ಎಂದೇ ಹೆಸರು.

ಈ ಮರ್ಯಾದೆಯನ್ನು ಹೋದ ವರ್ಷ ಅವರು ಇಂಗ್ಲೆಂಡಿಗೂ ತೆಗೆದುಕೊಂಡು ಹೋಗಿದ್ದರು. ಮಗಳು ಅನಿಕಾ ಅಲ್ಲಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ರೂಪರ್ಟ್ ಎಂಬ ಹುಡುಗನನ್ನು ಒಪ್ಪಿಕೊಂಡಿದ್ದಾಳೆ. ಬೀಗರ ಮನೆ ನೋಡಲು ಭಾವ ಮತ್ತು ನನ್ನ ಅಕ್ಕ ಗುಡ್ರುನ್ ಹೋದರು. ಹುಡುಗನ ತಂದೆ ಕಾಲಿನ್ ಬಾಗಿಲಲ್ಲೇ ಕೈಕುಲುಕಿ "ಹೇಗಿದ್ದೀರಿ?" ಎಂದರು. ಕೇಳಿದ ಮೇಲೆ ಹೇಳಬೇಕಲ್ಲ! ಭಾವ ಬಲ ಮೊಣಕಾಲಿನಿಂದ ಶುರುಮಾಡಿ, ಎಕ್ಸ್‌ರೇ ದಾಟಿ, ಪಿತ್ತಕೋಶದ ಕಲ್ಲು ಮುಗಿಸಿ, ಹೊಟ್ಟೆಯ ವಿಚಾರಕ್ಕೆ ಬರುವಷ್ಟರಲ್ಲಿ ಒಳಗೆ ಚಹಾ ಆರಿಹೋಗಿತ್ತು. ಊಟಕ್ಕೆ ಕುಳಿತಾಗ ಹುಡುಗನ ತಾಯಿ ಮೊರೀನ್ ತಾವೇ ಮಾಡಿದ ಮಾಂಸದ ಪೈ ಬಡಿಸಿ ಹೇಗಿದೆ ಎಂದು ಕೇಳಿದರು. "ಉಪ್ಪು ಜಾಸ್ತಿ. ನಡುವೆ ಬೆಂದಿಲ್ಲ. ತಟ್ಟೆ ಚೆನ್ನಾಗಿದೆ" ಎಂದರು ಭಾವ. ಆಕೆ ನಕ್ಕರು. ಅದಾದ ಮೇಲೆ ಇವರು ವಿಮಾನ ಹತ್ತುವ ತನಕ ಆಕೆ ಹೆಚ್ಚು ಮಾತಾಡಲಿಲ್ಲ.

"ಭಾರೀ ಒಳ್ಳೆ ಜನ ಕಣೋ ಉಲ್ಲಿ," ಎಂದು ಭಾವ ಊರಿಗೆ ಬಂದು ನನಗೆ ಹೇಳಿದರು. "ಆ ಹೆಂಗಸಂತೂ ಎಷ್ಟು ಶಾಂತ!"

ಆ ಶಾಂತಿಯ ಅರ್ಥ ಗೊತ್ತಾಗಿದ್ದು ಈ ಬೇಸಿಗೆಯಲ್ಲಿ, ಅನಿಕಾ ಫೋನ್ ಮಾಡಿದಾಗ. ಇಂಗ್ಲಿಷಿನವರ ಮದುವೆ ಊಟದಲ್ಲಿ ಹುಡುಗಿಯ ತಂದೆ ಎದ್ದು ನಿಂತು ಮಗಳ ಬಗ್ಗೆ ನಾಲ್ಕು ಮಾತಾಡುವುದು ಪದ್ಧತಿ. ಅದಕ್ಕೆಂದು ಭಾವ ಚಿಮಣಿಯ ಮೇಲೆ ಕುಳಿತೇ ಭಾಷಣ ಅಭ್ಯಾಸ ಮಾಡುತ್ತಿದ್ದರು. ಅನಿಕಾ ಹೇಳಿದ್ದಿಷ್ಟು: "ಪಪ್ಪಾ, ಬೇಜಾರು ಮಾಡ್ಕೋಬೇಡ. ನಿನ್ನ ಬದಲು ರೂಪರ್ಟ್‌ನ ದೊಡ್ಡಪ್ಪ ಮಾತಾಡ್ತಾರೆ. ಇನ್ನೊಂದು ವಿಷಯ, ಅಕ್ಟೋಬರ್ ಎರಡನೇ ಶನಿವಾರ ಇವರೆಲ್ಲ ನಮ್ಮನೆಗೆ ಬರ್ತಿದಾರೆ. ನೀನು ಸುಮ್ನೆ ನಗ್ತಾ ಕೂತಿರು, ಅಷ್ಟೇ ಸಾಕು."

ಭಾವ ನೆಟ್ಟಗೆ ನನ್ನ ಕ್ಷೌರದಂಗಡಿಗೆ ಬಂದು ಕುರ್ಚಿಯಲ್ಲಿ ಕುಳಿತರು.

"ಕತ್ತರಿಸು," ಎಂದರು.

"ಏನನ್ನ ಭಾವ?" ಎಂದೆ. ಅವರ ತಲೆಯಲ್ಲಿ ಕೂದಲು ಉಳಿದಿರಲಿಲ್ಲ.

"ಯಾವನೋ ದೊಡ್ಡಪ್ಪ ಅಂತೆ ಕಣೋ. ನನ್ನ ಮಗಳ ಬಗ್ಗೆ ಅವನಿಗೇನು ಗೊತ್ತು? ಅವಳಿಗೆ ಸೈಕಲ್ ಹೇಳಿಕೊಟ್ಟೋನು ನಾನು. ಜ್ವರ ಬಂದಾಗ ಹೊತ್ಕೊಂಡು ಓಡಿದೋನು ನಾನು. ನಗ್ತಾ ಕೂರಬೇಕಂತೆ! ನಾನೇನು ಗೊಂಬೇನಾ?"

ಅವರ ಕಣ್ಣು ತುಂಬಿತ್ತು. ನಾನು ಆ ಖಾಲಿ ತಲೆಗೇ ಒಂದಿಷ್ಟು ಪೌಡರ್ ಹಚ್ಚಿ ಕಳಿಸಿದೆ.

ಮರುದಿನವೇ ಭಾವ ಸಂಜೆ ಶಾಲೆಯ ಇಂಗ್ಲಿಷ್ ತರಗತಿಗೆ ಸೇರಿದರು. ಅಲ್ಲಿ ಕಲಿಸುವಾಕೆ ಡೆಬೊರಾ, ನಮ್ಮೂರ ದನದ ಡಾಕ್ಟರನ್ನು ಮದುವೆಯಾಗಿ ಬಂದ ಇಂಗ್ಲಿಷ್ ಹೆಂಗಸು. ಆಕೆ ಭಾವನ ಬಾಯಲ್ಲಿ ಇಂಗ್ಲೆಂಡ್ ಪ್ರವಾಸದ ಕಥೆಯನ್ನು ಪೂರ್ತಿ ಕೇಳಿ ಹಣೆ ಚಚ್ಚಿಕೊಂಡರಂತೆ.

"ಮೆಟ್ಸ್ ಅವರೇ, ನಿಮ್ಮ ಇಂಗ್ಲಿಷಲ್ಲಿ ಒಂದೂ ತಪ್ಪಿಲ್ಲ. ಅದೇ ಕಷ್ಟ. ನೀವು ಹೇಳಿದ್ದೆಲ್ಲ ಅವರಿಗೆ ಅರ್ಥ ಆಗಿದೆ," ಎಂದರು ಡೆಬೊರಾ. "ನಮ್ಮವರು ಹೇಗಿದ್ದೀರಿ ಅಂತ ಕೇಳೋದು ತಿಳ್ಕೊಳ್ಳೋಕಲ್ಲ. ಅದಕ್ಕೆ 'ಏನೂ ಕಂಪ್ಲೇಂಟಿಲ್ಲ, ನೀವು ಹೇಗಿದ್ದೀರಿ?' ಅನ್ನಬೇಕು. ಕಾಲು ಮುರಿದಿದ್ರೂ ಅಷ್ಟೇ. ಏನು ಕೊಟ್ರೂ ಸೊಗಸಾಗಿದೆ ಅನ್ನಬೇಕು. ಹೊರಡೋವಾಗ 'ಯಾವಾಗಾದ್ರೂ ನಮ್ಮನೆಗೆ ಊಟಕ್ಕೆ ಬನ್ನಿ' ಅನ್ನಬೇಕು."

"ಊಟಕ್ಕೆ ಏನು ಮಾಡಿಸ್ಬೇಕು?" ಎಂದು ಭಾವ ಕೇಳಿದರು.

"ಏನೂ ಬೇಡ. ಯಾರೂ ಬರಲ್ಲ. ಅದು ಬೀಳ್ಕೊಡೋ ಮಾತು, ಅಷ್ಟೆ. ಇದು ನಾಲಿಗೆಗೆ ಅಭ್ಯಾಸ ಆಗಬೇಕು. ಯಾವ ಭಾಷೆಲಾದ್ರೂ ಸರಿ, ಸಿಕ್ಕ ಸಿಕ್ಕವರ ಹತ್ರ ದಿನವೂ ಆಡಿ."

ನಮ್ಮ ಜನಕ್ಕೆ ಮನೆಪಾಠ ಕೊಡುವಾಗ ಹುಷಾರಾಗಿರಬೇಕು. ಕೊಟ್ಟರೆ ಮಾಡಿಯೇ ಬಿಡುತ್ತಾರೆ.

ಮರುದಿನ ಮೊದಲು ಸಿಕ್ಕವರು ವಿಧವೆ ಶ್ಲೇಗೆಲ್ ಅಮ್ಮ. ಭಾವ ಚಿಮಣಿ ಗುಡಿಸಿ ಕೆಳಗಿಳಿದು ಟೋಪಿ ತೆಗೆದು, ಹಿಂದೆಂದೂ ಇಲ್ಲದ ಮೃದುವಾದ ದನಿಯಲ್ಲಿ, "ಅಮ್ಮಾ, ಹೇಗಿದ್ದೀರಿ?" ಎಂದರು.

ಚಿಮಣಿಯವನು ಒಲೆ ನೋಡಿ ಬಂದು ಆರೋಗ್ಯ ವಿಚಾರಿಸಿದರೆ ಅದಕ್ಕೆ ನಮ್ಮಲ್ಲಿ ಒಂದೇ ಅರ್ಥ. ಆಕೆ ಓಡಿಹೋಗಿ ಮನೆಯ ಕಿಟಕಿಗಳನ್ನೆಲ್ಲ ತೆರೆದು, ಬೆಕ್ಕನ್ನು ಎತ್ತಿ ಹೊರಗೆ ಬಿಟ್ಟು, ಏದುಸಿರು ಬಿಡುತ್ತ ಕೇಳಿದರು: "ಒಲೆಯಿಂದ ವಿಷದ ಗಾಳಿ ಸೋರ್ತಿದೆಯಾ?"

"ಇಲ್ಲಮ್ಮ. ಸುಮ್ನೆ ಕೇಳ್ದೆ."

"ಸುಮ್ನೆ ಯಾಕೆ ಕೇಳ್ತೀರಿ? ನಿಮ್ಮ ಮೊಣಕಾಲು ಹೇಗಿದೆ?"

"ಏನೂ ಕಂಪ್ಲೇಂಟಿಲ್ಲ."

ಆಕೆ ಬೆಚ್ಚಿಬಿದ್ದರು. ಭಾವನ ಮೊಣಕಾಲು ನಮ್ಮೂರಿಗೆ ಪರಿಚಿತವಾದ ಮೊಣಕಾಲು. ಅದರ ವರದಿ ಕೇಳದೆ ಊರಿನಲ್ಲಿ ಒಂದು ವಾರವೂ ಕಳೆದಿರಲಿಲ್ಲ.

"ಪರದೆ ಸೊಗಸಾಗಿದೆ," ಎಂದು ಭಾವ ಪಾಠ ಮುಂದುವರಿಸಿದರು. ಹಿಂದಿನ ಸಲ ಅದೇ ಪರದೆಯನ್ನು ಕಂಡು ಕಣ್ಣು ನೋಯುತ್ತದೆ ಎಂದಿದ್ದರು. "ಯಾವಾಗಾದ್ರೂ ನಮ್ಮನೆಗೆ ಊಟಕ್ಕೆ ಬನ್ನಿ."

ಶ್ಲೇಗೆಲ್ ಅಮ್ಮ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿ ತಂದು ಮೇಜಿನ ಮೇಲಿಟ್ಟು ಪೆನ್ಸಿಲ್ ಹಿಡಿದರು. "ಯಾವತ್ತು?"

ಈ ಪ್ರಶ್ನೆ ಪಾಠದಲ್ಲಿ ಇರಲಿಲ್ಲ. ಭಾವನ ತಲೆಯಲ್ಲಿ ಆಗ ಇದ್ದದ್ದು ಒಂದೇ ಒಂದು ಶನಿವಾರ, ಬೀಗರು ಬರುವ ಶನಿವಾರ. ಬಾಯಿಗೆ ಅದೇ ಬಂತು. "ಆರು ಗಂಟೆಗಾ?" ಎಂದರು ಆಕೆ. "ಆರಕ್ಕೆ," ಎಂದರು ಭಾವ. ಆಕೆ ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಹೀಗೆ ಮನೆಮನೆಯಲ್ಲೂ ನಡೆಯಿತು. ಚಿಮಣಿ ಇಲ್ಲದ ಮನೆ ನಮ್ಮೂರಲ್ಲಿಲ್ಲ. ಭಾವನಿಗೆ ಸ್ವಲ್ಪ ಗಾಬರಿಯಾಗಿ ಡೆಬೊರಾರನ್ನು ಕೇಳಿದರಂತೆ, "ಎಲ್ಲರೂ ತಾರೀಕು ಬರ್ಕೊಳ್ತಿದಾರಲ್ಲ?" ಎಂದು. "ಬರ್ಕೊಳ್ಳಲಿ ಬಿಡಿ, ಯಾರೂ ಬರಲ್ಲ," ಎಂದರು ಆಕೆ. ಇಂಗ್ಲೆಂಡಿನ ಮಟ್ಟಿಗೆ ಅದು ಸತ್ಯವೇ ಇರಬೇಕು. ಗುರುಗಳೇ ಹೇಳಿದ ಮೇಲೆ ಇನ್ನೇನು ಎಂದು ಭಾವ ಈ ವಿಷಯವನ್ನು ಅಕ್ಕನಿಗೂ ಹೇಳಲಿಲ್ಲ.

ಇಲ್ಲಿ ನಮ್ಮವರ ಸ್ವಭಾವ ಸ್ವಲ್ಪ ಹೇಳಬೇಕು. ನಾವು ಶ್ವಾಬಿಯಾದವರು ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಬಾಯಾರಿಕೆ ನಿಜವೋ ಅಲ್ಲವೋ ಎಂದು ವಿಚಾರಿಸಿಕೊಳ್ಳುತ್ತೇವೆ. ಅಂಥ ಊರಿನಲ್ಲಿ ಒಬ್ಬ ಮನುಷ್ಯ ಇದ್ದಕ್ಕಿದ್ದಂತೆ ಎಲ್ಲರ ಆರೋಗ್ಯ ವಿಚಾರಿಸಿ, ಎಲ್ಲರನ್ನೂ ಹೊಗಳಿ, ತನಗೆ ಏನೂ ನೋವಿಲ್ಲ ಎಂದು ಮುಗುಳ್ನಕ್ಕು, ಊರಿಗೆಲ್ಲ ಊಟ ಹಾಕುತ್ತೇನೆ ಎಂದರೆ ಜನ ಏನು ತಿಳಿಯಬೇಕು? ನನ್ನ ಅಂಗಡಿಯಲ್ಲಿ ಮೊದಲು ಲಾಟರಿ ಎಂದರು, ಆಮೇಲೆ ತಲೆ ಕೆಟ್ಟಿದೆ ಎಂದರು. ಅಷ್ಟರಲ್ಲಿ ಪಾದ್ರಿಗಳು ಒಳಗೆ ಬಂದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಉಲ್ಲಿ, ಬಾಗಿಲು ಹಾಕು," ಎಂದರು. "ಈಗ ನಿಮ್ಮ ಭಾವನ ಹತ್ರ ಹೋಗಿದ್ದೆ. ಏನ್ರೀ ಕಾಯಿಲೆ, ಬಿಚ್ಚಿ ಹೇಳಿ ಅಂದೆ. ಏನೂ ಕಂಪ್ಲೇಂಟಿಲ್ಲ ಅಂದ್ರು. ಅಷ್ಟೇ ಆಗಿದ್ರೆ ನಂಬ್ತಿದ್ದೆ. ಹೋದ ಭಾನುವಾರದ ನನ್ನ ಪ್ರವಚನ ಸೊಗಸಾಗಿತ್ತು ಅಂದ್ರು!"

ಈ ಊರಿನಲ್ಲಿ ಪಾದ್ರಿಗಳ ಪ್ರವಚನವನ್ನು ಯಾರೂ ಯಾವತ್ತೂ ಹೊಗಳಿದ್ದಿಲ್ಲ. ಆರೋಗ್ಯವಂತ ಮನುಷ್ಯ ಹೊಗಳುವುದು ಸಾಧ್ಯವೂ ಇಲ್ಲ.

"ಎಷ್ಟು ದಿನ ಅಂತೆ?" ಎಂದು ಪಾದ್ರಿಗಳು ಪಿಸುಗುಟ್ಟಿದರು.

ನಾನು ಗಕ್ಕನೆ ಪಾದ್ರಿಗಳ ಕಡೆ ತಿರುಗಿದ್ದಕ್ಕೆ, ಕುರ್ಚಿಯಲ್ಲಿದ್ದ ಊದುವಾದ್ಯ ಸಂಘದ ಅಧ್ಯಕ್ಷ ಕುರ್ಟನ ಕಿವಿಗೆ ಕತ್ತರಿ ತಾಗಿತು. ಅವನು ಚೀರಲೂ ಇಲ್ಲ. "ನಾವು ಬಾರಿಸ್ತೀವಿ. ಅವನಿಗೆ ಇಷ್ಟವಾದ ನಿಧಾನದ ರಾಗ ಒಂದಿದೆ. ಅವನು ಬದುಕಿರುವಾಗಲೇ ಬಾರಿಸ್ತೀವಿ. ಆಮೇಲೆ ಬಾರಿಸಿದ್ರೆ ಕೇಳೋರ್ಯಾರು?" ಎಂದ.

ಗುಡ್ರುನಳಿಗೆ ಹೇಳುವುದು ಬೇಡ, ಗಂಡನೇ ಸಮಯ ನೋಡಿ ಹೇಳಲಿ ಎಂದು ಪಾದ್ರಿಗಳು ತೀರ್ಪು ಕೊಟ್ಟರು. ಮನಸ್ಸಿನಲ್ಲಿದ್ದದ್ದನ್ನು ಹೇಳದೆ ಇರುವ ಅಭ್ಯಾಸ ನಮ್ಮವರಿಗಿಲ್ಲ. ಆದರೂ ಊರಿಗೆ ಊರೇ ತುಟಿ ಕಚ್ಚಿಕೊಂಡು ತಿರುಗಿತು. ಅಕ್ಕ ಅಂಗಡಿಗೆ ಕಾಲಿಟ್ಟರೆ ಸಾಕು, ಮಾತು ನಿಲ್ಲುತ್ತಿತ್ತು. ಕಟುಕ ಕೇಳದೆಯೇ ಒಂದು ಸಾಸೇಜ್ ಹೆಚ್ಚಿಗೆ ಹಾಕಿದ. "ಈಗೀಗ ತೂಕದಲ್ಲಿ ನಿಯತ್ತು ಬಂದಿದೆ ಕಣೋ ಅವನಿಗೆ," ಎಂದಳು ಅಕ್ಕ. ನಾನು ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡೆ.

ಆ ಶನಿವಾರ ಬಂತು. ಬೀಗರು ಸಂಜೆಗೆ ಸ್ವಲ್ಪ ಮುಂಚೆ ಬಂದಿಳಿದರು. ಅಕ್ಕ ನಮ್ಮ ಕಡೆಯ ಮಾಂಸದ ಕಡುಬು ಮಾಡಿದ್ದಳು, ಮನೆಯವರಿಗೆ ಸರಿಹೋಗುವಷ್ಟು. ಅನಿಕಾ ಅಪ್ಪನ ಕಾಲರ್ ಸರಿಮಾಡಿ, "ನಗು ಮಾತ್ರ ಪಪ್ಪಾ, ಆಯ್ತಾ?" ಎಂದಳು.

ಕಾಲಿನ್ ಕೈ ಚಾಚಿದರು. "ಹೇಗಿದ್ದೀರಿ?"

ಅನಿಕಾ ಕಣ್ಣು ಮುಚ್ಚಿಕೊಂಡಳು.

"ಏನೂ ಕಂಪ್ಲೇಂಟಿಲ್ಲ," ಎಂದರು ಭಾವ, ಇಂಗ್ಲಿಷಿನಲ್ಲಿ. "ನೀವು ಹೇಗಿದ್ದೀರಿ?"

"ನನ್ನದೂ ಏನೂ ಕಂಪ್ಲೇಂಟಿಲ್ಲ."

"ಅಕ್ಟೋಬರ್ ಆದರೂ ಒಳ್ಳೆ ಹವೆ."

"ನಿಜಕ್ಕೂ ಒಳ್ಳೆ ಹವೆ."

ಅನಿಕಾ ಕಣ್ಣು ಬಿಟ್ಟಳು. ಇಬ್ಬರೂ ಒಬ್ಬರಿಗೊಬ್ಬರು ಏನನ್ನೂ ಹೇಳದೆ ಚಹಾ ಮುಗಿಸಿದರು. ಭಾವ ಗೆದ್ದಿದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನಗೆ, ಸಾವಿನ ಬಾಗಿಲಲ್ಲಿ ನಿಂತೂ ಮಗಳಿಗಾಗಿ ಇಷ್ಟೆಲ್ಲ ಕಲಿತನಲ್ಲ ಮಹಾನುಭಾವ ಅನ್ನಿಸಿತು.

ಆಗ ಚರ್ಚಿನಲ್ಲಿ ಆರು ಗಂಟೆ ಹೊಡೆಯಿತು. ಕೊನೆಯ ಪೆಟ್ಟಿನ ಜೊತೆಗೇ ಮನೆಯ ಗಂಟೆಯೂ ಬಾರಿಸಿತು.

ಅಕ್ಕ ಬಾಗಿಲು ತೆರೆದಳು. ಬೀದಿ ತುಂಬ ಜನ. ಎಲ್ಲರೂ ಸಾವಿನ ಮನೆಗೆ ಹಾಕುವ ಕರಿ ಬಟ್ಟೆಯಲ್ಲಿದ್ದರು. ಕಷ್ಟದಲ್ಲಿರುವ ಮನೆಗೆ ಭಾರವಾಗಬಾರದೆಂದು ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಬೋಗುಣಿ ಆಲೂಗಡ್ಡೆ ಸಲಾಡ್, ಬಗಲಲ್ಲಿ ಮಡಚುವ ಕುರ್ಚಿ. ಹಿಂದೆ ಕುರ್ಟನ ವಾದ್ಯದವರು. ಭಾವ ಕರೆದಿದ್ದವರಲ್ಲಿ ಬಾರದೆ ಇದ್ದವರು ಡೆಬೊರಾ ಒಬ್ಬರೇ.

"ಇದೇನಿದು?" ಎಂದಳು ಅಕ್ಕ.

"ಊಟಕ್ಕೆ ಕರೆದಿದ್ರಲ್ಲ," ಎಂದರು ಮುಂದೆ ನಿಂತಿದ್ದ ಶ್ಲೇಗೆಲ್ ಅಮ್ಮ. ಅಕ್ಕನನ್ನು ಬಿಗಿಯಾಗಿ ತಬ್ಬಿಕೊಂಡು ಒಳಗೆ ನಡೆದರು.

ಹಿತ್ತಿಲು ತುಂಬಿಹೋಯಿತು. ವಾದ್ಯದವರು ಬೇಲಿ ಪಕ್ಕ ನಿಂತು ಆ ನಿಧಾನದ ರಾಗ ಎತ್ತಿಕೊಂಡರು. "ಎಷ್ಟು ಚೆಂದದ ಸ್ವಾಗತ!" ಎಂದು ಮೊರೀನ್ ಚಪ್ಪಾಳೆ ತಟ್ಟಿದರು. ಅವರ ಹಿಂದೆ ಯಾರೂ ತಟ್ಟಲಿಲ್ಲ. ಕುರ್ಟ್ ಕೊಂಬು ಕೆಳಗಿಟ್ಟು, ಕಿವಿಯ ಪಟ್ಟಿ ಸರಿಮಾಡಿಕೊಂಡು ಮುಂದೆ ಬಂದ.

"ಲೊಥಾರ್, ನೀನು ಹೋದಮೇಲೆ ಈ ಊರಿನ ಚಿಮಣಿಗಳ ಗತಿ ಏನು ಅಂತ..."

"ಎಲ್ಲಿಗೆ ಹೋಗ್ತಾನೆ?" ಎಂದಳು ಅಕ್ಕ.

ಶ್ಲೇಗೆಲ್ ಅಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಮುಚ್ಚಿಟ್ಟು ಸಾಕಾಯ್ತು ನಂಗೆ. ಮೆಟ್ಸ್ ಅವರೇ, ನೇರವಾಗಿ ಕೇಳ್ತೀನಿ. ನಿಮಗೆ ಇನ್ನೆಷ್ಟು ದಿನ ಉಳಿದಿದೆ?"

ಭಾವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಆದರೆ ಯಾರೋ ಆರೋಗ್ಯದ ಬಗ್ಗೆ ಕೇಳುತ್ತಿದ್ದಾರೆ, ಬೀಗರು ನೋಡುತ್ತಿದ್ದಾರೆ ಎನ್ನುವುದಷ್ಟೇ ಗೊತ್ತಾಯಿತು. ಇಷ್ಟು ವಾರ ಪಳಗಿದ ನಾಲಿಗೆ ತನ್ನ ಕೆಲಸ ಮಾಡಿತು.

"ಏನೂ ಕಂಪ್ಲೇಂಟಿಲ್ಲ," ಎಂದರು, ಮುಗುಳ್ನಗುತ್ತ.

ಹಿತ್ತಿಲಿಗೆ ಹಿತ್ತಿಲೇ ಗೊಳೋ ಎಂದಿತು. ಅಕ್ಕನ ಕೈಯಿಂದ ಸೌಟು ಬಿತ್ತು. "ಅಯ್ಯೋ, ನನಗೊಂದು ಮಾತು ಹೇಳದೆ!" ಎಂದು ಅವಳು ನನ್ನ ಮೇಲೆ ಒರಗಿದಳು. ಅನಿಕಾ ಓಡಿಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು.

"ಪಪ್ಪಾ, ಯಾಕೆ ಹೇಳಲಿಲ್ಲ? ನಾನು ನಿನ್ನ ಸುಮ್ನೆ ಕೂರು ಅಂದ್ನಲ್ಲ! ಮದುವೆ ಮುಂದಿನ ತಿಂಗಳೇ ಮಾಡ್ಕೋತೀವಿ. ಭಾಷಣ ನೀನೇ ಮಾಡಬೇಕು. ಆ ದೊಡ್ಡಪ್ಪ ಬೇಡ, ಯಾರೂ ಬೇಡ."

ಆಗ ಭಾವನ ಮುಖವನ್ನು ನಾನು ನೋಡಿದೆ. ಮೊದಲು ಅವರಿಗೆ ವಿಷಯ ಅರ್ಥವಾಯಿತು. ಆಮೇಲೆ ಇನ್ನೂ ಒಂದು ಅರ್ಥವಾಯಿತು: ಬೇಕಾಗಿದ್ದದ್ದು ಕೈಗೆ ಬಂದಿದೆ, ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅವರ ತುಟಿ ಎರಡು ಸಲ ಅಲುಗಿತು. ಇಂಗ್ಲಿಷ್ ಪಾಠ ಅಷ್ಟೂ ಆ ತುಟಿಯ ಮೇಲೆ ಕುಳಿತಿತ್ತು.

"ಇಲ್ಲ ಪುಟ್ಟಿ," ಎಂದರು ಕೊನೆಗೆ. "ನಾನು ಸಾಯ್ತಾ ಇಲ್ಲ. ಬಲ ಮೊಣಕಾಲು ಮಾತ್ರ ಪ್ರಾಣ ಹಿಂಡ್ತಿದೆ. ಮೆಟ್ಟಿಲು ಇಳಿಯೋವಾಗ ಒಳಗಡೆ ಕಟಕಟ ಅನ್ನತ್ತೆ. ರಾತ್ರಿ ಹೊಟ್ಟೆ ಉಬ್ಬರ. ಪಿತ್ತಕೋಶದ ಕಲ್ಲು ಇದ್ದಲ್ಲೇ ಇದೆ..."

ಜನ ಬೋಗುಣಿ ಕೆಳಗಿಟ್ಟು ಕಿವಿ ನಿಮಿರಿಸಿ ಕೇಳಿದರು. ಅಷ್ಟು ದಿನ ಕೇಳದೆ ಬಾಯಾರಿದ್ದ ವರದಿ! ಪಾದ್ರಿಗಳು ಮೆಲ್ಲನೆ ಹತ್ತಿರ ಬಂದರು.

"ಹಾಗಾದ್ರೆ ನನ್ನ ಪ್ರವಚನ?"

"ಉದ್ದ ಜಾಸ್ತಿ. ನಾನು ನಡುವೆಯೇ ನಿದ್ದೆ ಹೋದೆ."

"ದೇವರು ದೊಡ್ಡವನು!" ಎಂದು ಪಾದ್ರಿಗಳು ಭಾವನನ್ನು ಅಪ್ಪಿಕೊಂಡರು.

ಅಕ್ಕ ಸೌಟು ಎತ್ತಿಕೊಂಡು ಗಂಡನ ಬೆನ್ನಿಗೆ ಒಂದು ಬಿಟ್ಟಳು. ಅನಿಕಾ ಕಣ್ಣೊರೆಸಿಕೊಂಡಳು. "ಭಾಷಣ ಆ ದೊಡ್ಡಪ್ಪನೇ ಮಾಡಲಿ ಬಿಡಮ್ಮ," ಎಂದು ಭಾವ ಸಣ್ಣ ದನಿಯಲ್ಲಿ ಅಂದರು. "ಸಾಯ್ತೀನಿ ಅಂತ ಹೇಳಿ ಇಸ್ಕೊಂಡ ಭಾಷಣ ನನಗೆ ಬೇಡ."

ಅಷ್ಟರಲ್ಲಿ ಕಾಲಿನ್, ಏನಾಗುತ್ತಿದೆ ಎಂದು ರೂಪರ್ಟನನ್ನು ಕೇಳಿ ಕೇಳಿ ಸುಸ್ತಾಗಿ, ಭಾವನ ಹತ್ತಿರವೇ ಬಂದರು. ಭಾವ ಎಲ್ಲವನ್ನೂ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದರು. ಮೊಣಕಾಲಿನ ವಿಷಯಕ್ಕೆ ಬಂದಾಗ ಅವರ ಇಂಗ್ಲಿಷ್ ನೀರು ಹರಿದ ಹಾಗೆ ಹರಿಯಿತು. ಕಾಲಿನ್ ಅತ್ತ ಇತ್ತ ನೋಡಿದರು. ಆಮೇಲೆ ದನಿ ತಗ್ಗಿಸಿ, "ನನಗೆ ಸೊಂಟ. ಶೂ ಲೇಸು ಕಟ್ಟಿಕೊಳ್ಳೋಕೇ ಆಗಲ್ಲ," ಎಂದರು.

"ನನಗೆ ಹೇಳಲೇ ಇಲ್ಲ?" ಎಂದರು ಹಿಂದೆ ನಿಂತಿದ್ದ ಮೊರೀನ್. "ದಿನಾ ಬೆಳಿಗ್ಗೆ ಕೇಳ್ತೀನಲ್ಲ!"

"ದಿನಾ ಬೆಳಿಗ್ಗೆ ಚೆನ್ನಾಗಿದೀನಿ ಅಂತೀನಲ್ಲ," ಎಂದರು ಕಾಲಿನ್.

ಇಬ್ಬರು ಬೀಗರೂ ಮೆಟ್ಟಿಲ ಮೇಲೆ ಕುಳಿತು ಸೊಂಟ, ಮೊಣಕಾಲುಗಳನ್ನು ವಿನಿಮಯ ಮಾಡಿಕೊಂಡರು. ಕಾಲಿನ್ ಒಮ್ಮೆ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡೆ. ಕಡುಬು ಸಾಲದೆ ಹೋದರೂ ಆಲೂಗಡ್ಡೆ ಸಲಾಡ್ ಬೇಕಾದಷ್ಟಿತ್ತು. ವಾದ್ಯದವರು ಕುಣಿತದ ರಾಗ ಬಾರಿಸಿದರು. ಖುಷಿಯಾದ ಮೊರೀನ್ ಎದ್ದು ನಿಂತು, ಎಲ್ಲರೂ ಯಾವಾಗಲಾದರೂ ಇಂಗ್ಲೆಂಡಿನ ತಮ್ಮ ಮನೆಗೆ ಊಟಕ್ಕೆ ಬರಲೇಬೇಕು ಎಂದರು. ರೂಪರ್ಟ್ ಅದನ್ನು ಅರೆಬರೆ ಜರ್ಮನ್‌ನಲ್ಲಿ ಕೂಗಿ ಹೇಳಿದ.

ಹಿತ್ತಿಲಿನ ತುಂಬ ಕೈಗಳು ಜೇಬಿಗಿಳಿದವು.

ಭಾವ ಮೊಣಕಾಲು ಹಿಡಿದುಕೊಂಡೇ ಎದ್ದರು. "ಪೆನ್ಸಿಲ್ ಒಳಗಿಡಿ!" ಎಂದು ಊರಿನವರನ್ನು ಗದರಿಸಿದರು. "ಆಯಮ್ಮ ನಿಮ್ಮನ್ನ ಕರೀಲಿಲ್ಲ. ಸಂತೋಷವಾಯ್ತು, ಹೊತ್ತಾಯ್ತು, ಮನೆಗೆ ಹೋಗಿ ಅಂದ್ರು, ಅಷ್ಟೆ." ಆಮೇಲೆ ಮೊರೀನ್ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಅಮ್ಮಾ, ಆ ಮಾತು ಇವರ ಮುಂದೆ ಆಡಬೇಡಿ. ಬಂದುಬಿಡ್ತಾರೆ. ಕುರ್ಚಿ ಸಮೇತ," ಎಂದರು.

ಮೊರೀನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಿದ್ದುಹೋಗದಂತೆ ಗಂಡನ ಸೊಂಟ ಹಿಡಿದುಕೊಂಡರು, ಗಂಡ ಕಿರುಚಿದರು. ಅನಿಕಾ ಬಂದು ಅಪ್ಪನ ಕಾಲರ್ ಸರಿಮಾಡಿದಳು.

"ಪಪ್ಪಾ, ಭಾಷಣ ನೀನೇ ಮಾಡು," ಎಂದಳು. "ಸಾಯದೆ ಇದ್ರೂ ಪರವಾಗಿಲ್ಲ."

ಭಾವ ಏನೋ ಹೇಳಲು ಬಾಯಿ ತೆರೆದರು. ಜರ್ಮನ್ನೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. ಹಾಗೇ ಮೆಟ್ಟಿಲ ಮೇಲೆ ಕುಸಿದು ಕುಳಿತು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು, ಭುಜ ಕುಲುಕಿಸುತ್ತ ಮಗುವಿನ ಹಾಗೆ ಅತ್ತರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಶ್ಲೇಗೆಲ್ ಅಮ್ಮ ಬೋಗುಣಿಯ ತಳ ಕೆರೆಯುವುದನ್ನು ನಿಲ್ಲಿಸಿ ಪಾದ್ರಿಗಳ ಕಡೆ ಬಾಗಿದರು.

"ಮೊಣಕಾಲಂತೆ!" ಎಂದರು. "ಮೊಣಕಾಲು ನೋವಿಗೆ ಯಾರಾದ್ರೂ ಹೀಗೆ ಅಳ್ತಾರಾ?"